ಹಬ್ಬುವಾಡದಿಂದ ಕೇಣಿಯವರೆಗೆ ವಾಂತಿಯಿಲ್ಲದೆ ತಲುಪುವ ಕುರಿತು

ಗೃಹ ಪ್ರಯಾಣ ಹಾಗೂ ಹೊಟ್ಟೆ ತೊಳಸುವಿಕೆ ನಿವಾರಣಾ ವಿಭಾಗ
(ಅಡುಗೆಮನೆ ಕಚೇರಿ), ಹಬ್ಬುವಾಡ, ಕಾರವಾರ

ಸಂಖ್ಯೆ: ಗೃಪ್ರ/ಹೊತೊನಿ/ರೂಪಾ/14/2007-08
ದಿನಾಂಕ: 26-8-2007

ಸುತ್ತೋಲೆ

ವಿಷಯ: ಐದು ವರ್ಷದ ಕುಮಾರಿ ರೂಪಾ ಇವರನ್ನು ದಿ. 28-8-2007ರ ನಾರಳಿ ಹುಣ್ಣಿಮೆಯ ಬೆಳಿಗ್ಗೆ ಅಂಕೋಲಾ ಬಳಿಯ ಕೇಣಿಯ ಅಜ್ಜನ ಮನೆಗೆ, ಹೊರಟ ಬಟ್ಟೆಯಲ್ಲಿಯೇ, ತಲುಪಿಸುವ ಬಗ್ಗೆ.

ಉಲ್ಲೇಖ:
(ಅ) ಕಳೆದ ವರ್ಷದ ನಾರಳಿ ಹುಣ್ಣಿಮೆಯಂದು ಹಟ್ಟಿಕೇರಿಯವರೆಗೆ ಮಾತ್ರ ನಡೆದ ಪ್ರಯಾಣ.
(ಆ) ಮಗುವಿನ ಅಜ್ಜ ಶ್ರೀ ಜಟ್ಟು, ಕೇಣಿ, ಇವರು ದಿ. 19-8-2007ರಂದು ದೂರವಾಣಿಯಲ್ಲಿ ನೀಡಿದ ಎಚ್ಚರಿಕೆ.
(ಇ) ಈ ಕಚೇರಿಯ ಹಿಂದಿನ ಹದಿಮೂರು ಸುತ್ತೋಲೆಗಳು (ಯಾರೂ ಓದಿರುವುದಿಲ್ಲ).

ಪ್ರಸ್ತಾವನೆ

ನಾರಳಿ ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು, ಮಳೆಗಾಲವಿಡೀ ದಡದ ಮೇಲೆ ಮಗುಚಿ ಮಲಗಿದ್ದ ದೋಣಿಗಳನ್ನು ನೀರಿಗಿಳಿಸುವುದು ಮೀನುಗಾರರ ಮನೆಗಳಲ್ಲಿ ನಡೆದುಬಂದ ಪದ್ಧತಿಯಾಗಿರುತ್ತದೆ. ಶ್ರೀ ಜಟ್ಟು ಇವರ ಮನೆಯಲ್ಲಿ ಆ ಕಾಯಿಯನ್ನು ಮನೆಯ ಅತಿ ಚಿಕ್ಕ ಮಗುವಿನ ಕೈಯಿಂದ ಬಿಡಿಸಲಾಗುತ್ತದೆ. ಸದ್ಯ ಆ ಹುದ್ದೆಯಲ್ಲಿರುವವರು ಕುಮಾರಿ ರೂಪಾ. ಈ ವರ್ಷ ದೋಣಿಯೂ ಹೊಸದು. ಮಗುವು ಕಳೆದ ಹದಿನೈದು ದಿನಗಳಿಂದ ಬಚ್ಚಲಿನ ಬಾಲ್ದಿಯಲ್ಲಿ ಕಾಯಿ ಬಿಡುವ ಅಭ್ಯಾಸ ನಡೆಸಿದ್ದು, ಮನೆಯ ಎರಡು ಕಾಯಿಗಳು ನೀರು ಕುಡಿದು ಅಡುಗೆಗೆ ಬಾರದಂತಾಗಿವೆ.

ಕಳೆದ ವರ್ಷ ಮಗುವು ಇದೇ ಉದ್ದೇಶಕ್ಕಾಗಿ ಬಸ್ಸಿನಲ್ಲಿ ಹೊರಟು, ಹಟ್ಟಿಕೇರಿಯ ಬಳಿ ವಾಂತಿ ಮಾಡಿಕೊಂಡು, ಲಂಗದ ತುದಿಯಿಂದ ಬಾಯಿ ಒರೆಸಿಕೊಂಡು, "ಇನ್ನೆಷ್ಟ್ ದೂರ ಅದೆ ಆಯೀ?" ಎಂದು ಕೇಳಿತು. ಅಂದರೆ ಮಗುವು ಪ್ರಯಾಣ ಮುಂದುವರಿಸಲು ಸಿದ್ಧವಿತ್ತು. ಜೊತೆಗಿದ್ದ ಅಧಿಕಾರಿಯು (ಅಂದರೆ ಮಗುವಿನ ತಾಯಿ, ಅಂದರೆ ಕೆಳಗೆ ಸಹಿ ಮಾಡುವವರು) ಸಿದ್ಧರಿರಲಿಲ್ಲ. ಅವರು ಮಗುವನ್ನು ಎತ್ತಿಕೊಂಡು ಇಳಿದು, ಎದುರಿನಿಂದ ಬಂದ ಕಾರವಾರದ ಬಸ್ಸು ಹತ್ತಿ ಮರಳಿದರು. ಮರಳುವಾಗ ಇನ್ನೂ ಎರಡು ಬಾರಿ ವಾಂತಿಯಾಯಿತು. ಹಟ್ಟಿಕೇರಿಯಿಂದ ಅಂಕೋಲಾ ಹತ್ತಿರವೋ ಕಾರವಾರ ಹತ್ತಿರವೋ ಎಂಬ ಲೆಕ್ಕವನ್ನು, ಬಿ.ಎಸ್ಸಿ. ಪದವೀಧರರಾದ ಈ ಅಧಿಕಾರಿಯು ಆ ಹೊತ್ತಿನಲ್ಲಿ ಮಾಡಿರುವುದಿಲ್ಲ.

ಈ ಹಿನ್ನೆಲೆಯಲ್ಲಿ ಉಲ್ಲೇಖ (ಆ)ದಲ್ಲಿ ಶ್ರೀ ಜಟ್ಟು ಇವರು ತಮ್ಮ ಮಗಳಾದ ಅಧಿಕಾರಿಗೆ ಕೆಳಗಿನಂತೆ ತಿಳಿಸಿರುತ್ತಾರೆ:

"ನಾ ನಲ್ವತ್ ವರ್ಷ ಸಮುದ್ರಕ್ಕೆ ಹೋದವ. ಒಂದ್ ದಿನ ಕಕ್ಕಲಿಲ್ಲ. ನಮ್ಮನೆ ಮಗು ಡಾಂಬರ್ ರಸ್ತೆ ಮೇಲೆ ಕಕ್ತದೆ ಅಂದ್ರೆ ಕೇರಿ ಜನ ನಗಾಡ್ತಾರೆ ಮಗಾ. ಈ ಸಲನೂ ಬರ್ಲಿಲ್ಲ ಅಂದ್ರೆ ಬಾಜೂ ಮನೆ ನಾಗುನ ಪೋರನ ಕೈಲಿ ಕಾಯಿ ಬಿಡಸ್ತೆ. ಮತ್ತೆ ನಂಗೆ ಹೇಳೂಕೆ ಬರ್ಬೇಡ."

ಈ ಮಾತನ್ನು ಮಗುವು ಬಾಗಿಲ ಸಂದಿಯಿಂದ ಕೇಳಿಸಿಕೊಂಡಿದೆ. ಅಂದಿನಿಂದ ದಿನಕ್ಕೆ ಮೂರು ಹೊತ್ತು "ನಾವು ಹೋಗೂದೇ ಅಲ್ವಾ?" ಎಂದು ವಿಚಾರಿಸುತ್ತಿದೆ. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಕೆಳಕಂಡ ನಿಯಮಗಳನ್ನು ಕಡ್ಡಾಯವಾಗಿ ಪಾಲಿಸಲು ಈ ಮೂಲಕ ಸೂಚಿಸಲಾಗಿದೆ.

ನಿಯಮಗಳು

1. ವ್ಯಾಖ್ಯೆ. ಈ ಸುತ್ತೋಲೆಯಲ್ಲಿ "ವಾಂತಿ" ಎಂದರೆ ವಾಂತಿ. ಅಲ್ಲದೆ ಆಕಳಿಕೆ, ಬಿಕ್ಕಳಿಕೆ, ಕೆಮ್ಮು, ಮೌನ, ಅತಿಯಾದ ಮಾತು, ಕಿಟಕಿಯತ್ತ ನೋಡುವುದು ಮತ್ತು ಕಿಟಕಿಯತ್ತ ನೋಡದಿರುವುದು ಇವೆಲ್ಲವೂ ವಾಂತಿಯ ಪೂರ್ವಲಕ್ಷಣಗಳೆಂದು ಪರಿಗಣಿಸತಕ್ಕದ್ದು.

2. ಆಹಾರ. ಖಾಲಿ ಹೊಟ್ಟೆಯಲ್ಲಿ ಹೊರಟರೆ ವಾಂತಿಯಾಗುತ್ತದೆಂದು ಮಗುವಿನ ಅಜ್ಜಿ (ತಂದೆಯ ಕಡೆ) ಶ್ರೀಮತಿ ಮಾದೇವಿ ಇವರೂ, ತುಂಬಿದ ಹೊಟ್ಟೆಯಲ್ಲಿ ಹೊರಟರೆ ವಾಂತಿಯಾಗುತ್ತದೆಂದು ಮಗುವಿನ ತಂದೆ ಶ್ರೀ ಪ್ರದೀಪ ಇವರೂ ಅಭಿಪ್ರಾಯಪಟ್ಟಿದ್ದಾರೆ. ಇಬ್ಬರ ಅಭಿಪ್ರಾಯಗಳನ್ನೂ ಗೌರವಿಸಿ, ಮಗುವಿಗೆ ಅರ್ಧ ಇಡ್ಲಿ ನೀಡತಕ್ಕದ್ದು. ಯಾವ ಅರ್ಧ ಎಂಬುದನ್ನು ಕಚೇರಿ ನಿರ್ಧರಿಸುತ್ತದೆ. ಈ ಕಲಮಿನ ಬಗ್ಗೆ ಶ್ರೀಮತಿ ಮಾದೇವಿ ಇವರು, "ಅರ್ಧ ಇಡ್ಲಿ ತಿಂದ್ರೆ ಅರ್ಧ ವಾಂತಿ ಆಗ್ತದೆ ಅಂತ್ಯೇನೆ? ಗಂಜಿ ಹಾಕು ಪೋರಿಗೆ, ಸುಮ್ನೆ ಕೂತ್ಕ" ಎಂದು ನುಡಿದಿದ್ದು, ಸದರಿ ಅಭಿಪ್ರಾಯವನ್ನು ಕಡತದಲ್ಲಿ ಇಡಲಾಗಿದೆ.

3. ಕೊಟ್ಟೆಗಳು. ಪ್ಲಾಸ್ಟಿಕ್ ಕೊಟ್ಟೆಗಳು (ಅಂದರೆ ಚೀಲಗಳು) ನಾಲ್ಕಕ್ಕೆ ಕಡಿಮೆಯಿರಬಾರದು. ಹೊರಡುವ ಮುನ್ನ ಪ್ರತಿಯೊಂದರಲ್ಲೂ ನೀರು ತುಂಬಿ, ಹತ್ತು ನಿಮಿಷ ಮೊಳೆಗೆ ತೂಗುಹಾಕಿ ಪರೀಕ್ಷಿಸತಕ್ಕದ್ದು. ಸಿಗಡಿ ತಂದ ಕೊಟ್ಟೆಯನ್ನು ಎಷ್ಟೇ ತೊಳೆದಿದ್ದರೂ ಬಳಸುವುದನ್ನು ಸಂಪೂರ್ಣವಾಗಿ ನಿಷೇಧಿಸಲಾಗಿದೆ. ಕಳೆದ ವರ್ಷ ಇಂತಹ ಕೊಟ್ಟೆಗೆ ಸಿಗಡಿಯ ಮೂತಿಮುಳ್ಳು ಚುಚ್ಚಿ ಸೂಜಿಯಷ್ಟು ಸಣ್ಣ ತೂತುಗಳಾಗಿದ್ದವು. ಮೀನುಗಾರರ ಮನೆಯಲ್ಲಿ ಹುಟ್ಟಿದ ಅಧಿಕಾರಿಗೆ ಇದು ಗೊತ್ತಿರಬೇಕಾಗಿತ್ತು. ಪರಿಣಾಮವಾಗಿ ಪಕ್ಕದ ಆಸನದಲ್ಲಿದ್ದ ನಿವೃತ್ತ ಶಿಕ್ಷಕ ಶ್ರೀ ಮಾಬ್ಲೇಶ್ವರ ಇವರ ಇಸ್ತ್ರಿ ಮಾಡಿದ ಬಿಳಿ ಪಂಚೆಗೆ ಹಾನಿಯಾಯಿತು. ಅಧಿಕಾರಿಯು ಹನ್ನೆರಡು ಬಾರಿ ಕ್ಷಮೆ ಕೋರಿದಾಗ ಅವರು, "ಅಡ್ಡಿಲ್ಲ ತಂಗಿ, ಬಿಡು. ನಾ ಮದ್ವೆ ಮನೆಗೆ ಹೋಗೂದಲ್ಲ, ಸತ್ತವರ ಮನೆಗೆ ಹೋಗೂದು. ಅಲ್ಲಿ ನನ್ ಪಂಚೆ ಯಾರ್ ನೋಡ್ತಾರೆ?" ಎಂದು ಹೇಳಿ ಧೈರ್ಯ ತುಂಬಿದರು. ಅಧಿಕಾರಿಗೆ ಅದರಿಂದ ಧೈರ್ಯ ಬಂದಿರುವುದಿಲ್ಲ.

4. ಆಸನ. ಚಾಲಕರಿಂದ ಮೂರನೆಯ ಸಾಲು, ಸಮುದ್ರದ ಬದಿ, ಕಿಟಕಿ. ಸದರಿ ಆಸನದಲ್ಲಿ ಯಾರಾದರೂ ಕುಳಿತಿದ್ದಲ್ಲಿ ಅವರ ಎದುರು ನಿಂತು, ಮಗುವನ್ನು ಅವರ ಮುಖದ ನೇರಕ್ಕೆ ಹಿಡಿದು, "ಇದಕ್ಕೆ ಬಸ್ಸು ಆಗಿಬರುವುದಿಲ್ಲ" ಎಂದಷ್ಟೇ ಹೇಳತಕ್ಕದ್ದು. ಈ ಕ್ರಮದಿಂದ ಈವರೆಗೆ ಎರಡು ಸಾಲುಗಳು ಒಮ್ಮೆಲೇ ತೆರವಾದ ನಿದರ್ಶನವಿದೆ.

5. ದಿಗಂತ. ಬಸ್ಸು ಬಿಣಗಾ ಘಟ್ಟ ಹತ್ತಿದಾಗ ಮಗುವು ಸಮುದ್ರದಾಚೆಯ ಗೆರೆಯನ್ನು ದಿಟ್ಟಿಸಿ ನೋಡತಕ್ಕದ್ದು. ಆದರೆ ಆಗಸ್ಟ್ ತಿಂಗಳಲ್ಲಿ ಮಳೆ ಹೊಡೆದಾಗ ಎಲ್ಲ ಶಟರುಗಳನ್ನೂ ಇಳಿಸುವುದರಿಂದ ದಿಗಂತವು ಲಭ್ಯವಿರುವುದಿಲ್ಲ. ಅಂತಹ ಸಂದರ್ಭದಲ್ಲಿ, ಬಿಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಕಚೇರಿಯು ಸಿದ್ಧಪಡಿಸಿರುವ ದಿಗಂತವನ್ನು ಮಗುವಿನ ಕಣ್ಣೆದುರು ಹಿಡಿಯತಕ್ಕದ್ದು. ಹಿಡಿದ ಕೈ ಬಸ್ಸಿನೊಂದಿಗೆ ಅಲುಗಾಡಬಾರದು. ಮಗುವು ಸದರಿ ದಿಗಂತದ ಮೇಲೆ ಒಂದು ದೋಣಿ, ಎರಡು ಹಕ್ಕಿ ಮತ್ತು ಮೀಸೆಯಿರುವ ಸೂರ್ಯನನ್ನು ಬಿಡಿಸಿರುವುದರಿಂದ ಹೊಸ ದಿಗಂತವನ್ನು ತಯಾರಿಸಲಾಗುತ್ತಿದೆ.

6. ವರ್ತಮಾನ ಪತ್ರಿಕೆ. ಹೊಟ್ಟೆಯ ಮೇಲೆ, ಲಂಗದೊಳಗೆ, ನಾಲ್ಕು ಮಡಿಕೆಯ ವರ್ತಮಾನ ಪತ್ರಿಕೆ ಕಟ್ಟಿದರೆ ವಾಂತಿಯಾಗುವುದಿಲ್ಲವೆಂದು ಶ್ರೀಮತಿ ಮಾದೇವಿ ಇವರ ಸಲಹೆ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಅಧಿಕಾರಿಯು ಸ್ಪಷ್ಟವಾಗಿ ತಿಳಿಸಿ, ನಂತರ ಕಟ್ಟಿದ್ದಾರೆ. ನಿಧನ ವಾರ್ತೆಯ ಪುಟವನ್ನು ಬಳಸತಕ್ಕದ್ದಲ್ಲ. ಹವಾಮಾನದ ಪುಟವನ್ನೂ ಬೇಡವೆಂದು ತೀರ್ಮಾನಿಸಲಾಗಿದೆ. ಅದರಲ್ಲಿ "ಸಮುದ್ರ ಪ್ರಕ್ಷುಬ್ಧ" ಎಂದಿತ್ತು.

7. ಸಹಪ್ರಯಾಣಿಕರು. ಪ್ರಯಾಣಿಕರು ಬೇಯಿಸಿದ ಶೇಂಗಾ ತಿನ್ನುವುದು, ಪಾನ್ ಜಗಿಯುವುದು, ಒದ್ದೆ ಕೊಡೆಯನ್ನು ಮಡಚುವುದು ಮತ್ತು ತಮ್ಮ ಮಕ್ಕಳ ವಾಂತಿಯ ಕಥೆಗಳನ್ನು ಹೇಳುವುದನ್ನು ನಿಲ್ಲಿಸತಕ್ಕದ್ದು. ತಿರುವುಗಳಲ್ಲಿ ಎಲ್ಲರೂ ಸಾಧ್ಯವಾದಷ್ಟು ವಿರುದ್ಧ ದಿಕ್ಕಿಗೆ ವಾಲಿ ಸಹಕರಿಸತಕ್ಕದ್ದು. ಈ ಕಲಮನ್ನು ಕಳೆದ ಬಾರಿ ಮೌಖಿಕವಾಗಿ ಮಂಡಿಸಿದಾಗ ನಿರ್ವಾಹಕರು, "ಬಾಯೋರೆ, ನಿಮ್ಗೆ ಬಸ್ಸಲ್ಲ, ಪಲ್ಲಕ್ಕಿ ಬೇಕು. ಅದೂ ಹೊರೂವ್ರು ಉಸ್ರಾಡಬಾರ್ದು" ಎಂದಿರುತ್ತಾರೆ. ಪಲ್ಲಕ್ಕಿಯ ಬಗ್ಗೆ ಮಾಹಿತಿ ಸಂಗ್ರಹಿಸಲಾಗಿಲ್ಲ.

8. ವಿಚಾರಣೆ. ಪ್ರಯಾಣದುದ್ದಕ್ಕೂ ಅಧಿಕಾರಿಯು ಮಗುವಿನ ಹೊಟ್ಟೆಯ ಸ್ಥಿತಿಯನ್ನು ಪ್ರತಿ ನಿಮಿಷಕ್ಕೊಮ್ಮೆ ವಿಚಾರಿಸತಕ್ಕದ್ದು. ಪ್ರಶ್ನೆಯು "ಹೊಟ್ಟೆ ಹೇಗಿದೆ?", "ತೊಳಸ್ತದಾ?", "ಬಾಯಲ್ಲಿ ನೀರು ಬರ್ತದಾ?", "ಬಂದ್ರೆ ಹೇಳ್ತೀಯಲ್ಲ?", "ಈಗ?" ಈ ಐದು ನಮೂನೆಗಳಲ್ಲಿರತಕ್ಕದ್ದು. ಉತ್ತರ "ಇಲ್ಲ" ಎಂದು ಬಂದಲ್ಲಿ ಅದನ್ನು ನಂಬತಕ್ಕದ್ದಲ್ಲ. ಕಳೆದ ವರ್ಷ ಕಾರವಾರ ಬಸ್ ನಿಲ್ದಾಣದಿಂದ ಹಟ್ಟಿಕೇರಿಯವರೆಗೆ ಒಟ್ಟು ನಲವತ್ತೊಂದು ಬಾರಿ ವಿಚಾರಿಸಲಾಗಿತ್ತು. ಈ ವರ್ಷ ಅರವತ್ತರ ಗುರಿ ನಿಗದಿಪಡಿಸಲಾಗಿದೆ.

ನಿಯಮ 8ರ ಬಗ್ಗೆ ಬಂದ ಆಕ್ಷೇಪಣೆ

ಮೇಲಿನ ನಿಯಮಗಳ ಕರಡನ್ನು ದಿ. 25-8-2007ರ ಸಂಜೆ ಚಹಾದ ವೇಳೆಗೆ ಮನೆಯವರ ಮುಂದೆ ಓದಲಾಯಿತು. ಆ ದಿನ ಅಧಿಕಾರಿಯ ತಮ್ಮ ಶ್ರೀ ಕಿಶನ ಇವರೂ ಹಾಜರಿದ್ದರು. ಇವರು ಪ್ರತಿದಿನ ಬೆಳಿಗ್ಗೆ ಬೈತಖೋಲ ಬಂದರಿನಿಂದ ಅಂಕೋಲಾ ಪೇಟೆಗೆ ಟೆಂಪೋದಲ್ಲಿ ಮೀನು ಸಾಗಿಸುವವರು. ನಿಯಮ 8ನ್ನು ಓದುತ್ತಿರುವಾಗ ಇವರು ಚಹಾ ಮೂಗಿಗೆ ಹೋಗಿ ಕೆಮ್ಮಿದರು. ಕಾರಣ ಕೇಳಲಾಗಿ ಮಗುವೇ ಸತ್ಯವನ್ನು ಹೊರಗೆಡಹಿತು.

ಅದೇನೆಂದರೆ, ದಿ. 12-8-2007ರ ರವಿವಾರ ಅಧಿಕಾರಿಯು ಕೋಡಿಬಾಗದಲ್ಲಿ ಬಾಣಂತಿ ಗೆಳತಿಯನ್ನು ನೋಡಲು ಹೋಗಿದ್ದ ವೇಳೆಯಲ್ಲಿ, ಶ್ರೀ ಪ್ರದೀಪ ಮತ್ತು ಶ್ರೀ ಕಿಶನ ಇವರು ಕೂಡಿಕೊಂಡು, ಈ ಕಚೇರಿಯ ಪೂರ್ವಾನುಮತಿಯಿಲ್ಲದೆ, ಮಗುವನ್ನು ಸದರಿ ಮೀನಿನ ಟೆಂಪೋದಲ್ಲಿ ಅಂಕೋಲಾಕ್ಕೆ ಒಯ್ದು ಮರಳಿ ತಂದಿರುತ್ತಾರೆ. ಹೋಗುವಾಗ ಹನ್ನೊಂದು ಪೆಟ್ಟಿಗೆ ಬಂಗಡೆ, ಆರು ಪೆಟ್ಟಿಗೆ ತಾರ್ಲಿ, ಮೇಲೆ ಮಂಜುಗಡ್ಡೆ. ಮಳೆಗೆ ಪಕ್ಕದ ಕಿಟಕಿಯ ಗಾಜು ಏರಿಸಲಾಗಿತ್ತು. ದಿಗಂತವಿರಲಿಲ್ಲ. ಕೊಟ್ಟೆ ಒಂದೂ ಇರಲಿಲ್ಲ. ಹೊರಡುವ ಮುಂಚೆ ಬಂದರಿನ ಅಂಗಡಿಯಲ್ಲಿ ಬನ್ಸು ಮತ್ತು ಮಿರ್ಚಿ ಭಜಿ ತಿನ್ನಿಸಲಾಗಿತ್ತು. ಹೋಗುವಾಗ, ಬರುವಾಗ ಎರಡೂ ಕಡೆ ವಾಂತಿಯ ಸಂಖ್ಯೆ: ಶೂನ್ಯ.

ಮಗುವಿನ ಹೇಳಿಕೆ: "ಮಾಮ ಹಾಡು ಹಾಕಿದ. ಮತ್ತೆ ಎದುರಿಗೆ ಬರೂ ಲಾರಿ ಎಲ್ಲಾ ಎಣ್ಸೂಕೆ ಹೇಳಿದ. ನೂರಾ ನಾಲ್ಕ್ ಆಯ್ತು. ಹೊಟ್ಟೆ ಅಂತ ಕೇಳಲೇ ಇಲ್ಲ."

ಶ್ರೀ ಕಿಶನ ಇವರ ಹೇಳಿಕೆ: "ಸಿಟ್ಟಾಗ್ಬೇಡ ಅಕ್ಕಾ. ನೀ ಒಂದ್ಸಲ 'ತೊಳಸ್ತದಾ?' ಅಂತ ಕೇಳಿದ್ರೆ ನಂಗೇ ತೊಳಸ್ತದೆ. ಇಪ್ಪತ್ತೇಳ್ ವರ್ಷ ಆಯ್ತು ನಂಗೆ. ಪಾಪ, ಐದ್ ವರ್ಷದ್ದಕ್ಕೆ ಏನಾಗ್ಬೇಡ?"

ಶ್ರೀ ಪ್ರದೀಪ ಇವರ ಹೇಳಿಕೆ: ಇವರು ಚಹಾದ ಲೋಟ ತೊಳೆಯಲು ಎದ್ದುಹೋದರು. ಮದುವೆಯಾದ ಏಳು ವರ್ಷಗಳಲ್ಲಿ ಇದು ಮೊದಲ ನಿದರ್ಶನ.

ನಿಷ್ಕರ್ಷೆ

ಅಧಿಕಾರಿಯು ಈ ಬಗ್ಗೆ ಹಳೆಯ ದಾಖಲೆಗಳನ್ನು ಪರಿಶೀಲಿಸಿದರು. ದಾಖಲೆಗಳು ಅವರ ತಲೆಯಲ್ಲಿಯೇ ಇದ್ದವು, ಹುಡುಕುವ ಕಷ್ಟವಿರಲಿಲ್ಲ. ಮಗುವು ಇಲ್ಲಿಯವರೆಗೆ ವಾಂತಿ ಮಾಡಿದ ಒಂಬತ್ತು ಪ್ರಯಾಣಗಳಲ್ಲಿಯೂ ಜೊತೆಗಿದ್ದವರು ಒಬ್ಬರೇ. ನಿಂಬೆಹಣ್ಣು ಬದಲಾಗಿತ್ತು, ಬಸ್ಸು ಬದಲಾಗಿತ್ತು, ಡಾಕ್ಟರರ ಅರ್ಧ ಗುಳಿಗೆಯೂ ಬದಲಾಗಿತ್ತು. ಅಧಿಕಾರಿ ಬದಲಾಗಿರಲಿಲ್ಲ.

ಅಲ್ಲದೆ, ಪ್ರತಿ ಬಾರಿ "ಈಗ?" ಎಂದು ಕೇಳಿದಾಗ ಮಗುವು ತನ್ನ ಹೊಟ್ಟೆಯನ್ನು ಅಲ್ಲ, ಅಧಿಕಾರಿಯ ಮುಖವನ್ನು ನೋಡಿ ಉತ್ತರಿಸುತ್ತಿತ್ತು ಎಂಬುದೂ ಈಗ ನೆನಪಿಗೆ ಬಂದಿರುತ್ತದೆ. ಆ ಮುಖದಲ್ಲಿ ಏನು ಕಂಡಿರಬಹುದು ಎಂಬುದನ್ನು ಕಚೇರಿಯು ಕನ್ನಡಿಯಲ್ಲಿ ಒಮ್ಮೆ ಪರೀಕ್ಷಿಸಿತು. ವಿವರಗಳನ್ನು ಇಲ್ಲಿ ನಮೂದಿಸುವುದಿಲ್ಲ.

ಪರಿಷ್ಕೃತ ಆದೇಶ

9. ನಿಯಮ 1ರಿಂದ 8ರವರೆಗಿನ ಎಲ್ಲವನ್ನೂ ಮುಂದಿನ ಆದೇಶದವರೆಗೆ ಅಮಾನತಿನಲ್ಲಿಡಲಾಗಿದೆ. ಕೊಟ್ಟೆಗಳನ್ನು ಮೊಳೆಯಿಂದ ಇಳಿಸತಕ್ಕದ್ದು.

10. ದಿ. 28ರಂದು ಬೆಳಿಗ್ಗೆ ಆರು ಗಂಟೆಗೆ ಮಗುವು ಶ್ರೀ ಕಿಶನ ಇವರ ಟೆಂಪೋದಲ್ಲಿ, ಮುಂದಿನ ಸೀಟಿನಲ್ಲಿ, ಕೇಣಿಗೆ ಹೊರಡತಕ್ಕದ್ದು. ಅಧಿಕಾರಿಯು ಜೊತೆಗೆ ಹೋಗತಕ್ಕದ್ದಲ್ಲ. ಅವರು ಅದರ ನಂತರ ಹೊರಡುವ ಬಸ್ಸಿನಲ್ಲಿ, ಒಬ್ಬರೇ, ಯಾರನ್ನೂ ಏನನ್ನೂ ವಿಚಾರಿಸದೆ ಬರತಕ್ಕದ್ದು. (ಈ ಕಲಮನ್ನು ಬರೆಯಲು ಇಡೀ ಸುತ್ತೋಲೆಗಿಂತ ಹೆಚ್ಚು ಸಮಯ ಹಿಡಿದಿರುತ್ತದೆ.)

11. ಟೆಂಪೋ ಹೊರಡುವಾಗ ಅಧಿಕಾರಿಯು ಮಗುವಿಗೆ ಹೇಳಬಹುದಾದ ಮಾತು: "ಹೋಗಿ ಬಾ." ಇದಕ್ಕೆ ಏನನ್ನೂ ಸೇರಿಸುವಂತಿಲ್ಲ. "ಹುಷಾರು" ಎಂಬ ಪದಕ್ಕಾಗಿ ಸಲ್ಲಿಸಿದ ಮನವಿಯನ್ನು ತಿರಸ್ಕರಿಸಲಾಗಿದೆ.

12. ವಾಂತಿಯಾಗದೆ ಅಂಕೋಲಾ ತಲುಪಿದಲ್ಲಿ ಶ್ರೀ ಕಿಶನ ಇವರು ಅಧಿಕಾರಿಯ ಮೊಬೈಲಿಗೆ ಒಂದು ಮಿಸ್ಡ್ ಕಾಲ್ ಕೊಡತಕ್ಕದ್ದು. ಅವರು ಮರೆಯುವವರಾದ್ದರಿಂದ, ಕರೆ ಬಾರದಿದ್ದಲ್ಲಿ ಅದನ್ನು ಮರೆವೆಂದು ತಿಳಿಯತಕ್ಕದ್ದು, ಅಪಘಾತವೆಂದು ತಿಳಿಯತಕ್ಕದ್ದಲ್ಲ.

ಅನುಪಾಲನಾ ವರದಿ (ದಿ. 29-8-2007)

ಅಧಿಕಾರಿಯು ಸಾಮಾನು ಕಟ್ಟುವುದು ಮತ್ತು ಬಿಚ್ಚುವುದರಲ್ಲಿ ನಿರತರಾಗಿದ್ದು ಈ ಸುತ್ತೋಲೆಗೆ ಸಕಾಲದಲ್ಲಿ ಸಹಿ ಮಾಡದೇ ಇದ್ದುದರಿಂದ, ನಂತರ ನಡೆದುದನ್ನೂ ಇದೇ ಹಾಳೆಯಲ್ಲಿ ಸೇರಿಸಲಾಗಿದೆ.

ಟೆಂಪೋ 6.05ಕ್ಕೆ ಹೊರಟಿತು. ಅಧಿಕಾರಿಯು ಕಲಮು 11ರಂತೆ "ಹೋಗಿ ಬಾ" ಎಂದರು. ಮಗುವು ಕೈಬೀಸಲಿಲ್ಲ, ಆಗಲೇ ಲಾರಿ ಎಣಿಸತೊಡಗಿತ್ತು. ಮಿಸ್ಡ್ ಕಾಲ್ ಬರಲಿಲ್ಲ. ಅಧಿಕಾರಿಯು ಅದನ್ನು ಮರೆವೆಂದು ತಿಳಿದರು. ಬಿಣಗಾ, ಅಮದಳ್ಳಿ, ಹಟ್ಟಿಕೇರಿ, ಅವರ್ಸಾ ಈ ನಾಲ್ಕೂ ಸ್ಥಳಗಳಲ್ಲಿ ಬೇರೆ ಬೇರೆಯಾಗಿ ಹಾಗೆ ತಿಳಿದರು.

ಅಂಕೋಲಾದಲ್ಲಿ ಇಳಿದು ರಿಕ್ಷಾ ಹಿಡಿದು ಕೇಣಿಯ ದಡ ತಲುಪಿದಾಗ 8.40. ದಡದಲ್ಲಿ ಅಧಿಕಾರಿಯ ತಾಯಿ ಶ್ರೀಮತಿ ನಾಗಿ ಇವರು ಒಬ್ಬರೇ ಕೊಡೆ ಹಿಡಿದು ನಿಂತಿದ್ದರು. ಮಗು ಎಲ್ಲಿ ಎಂದು ವಿಚಾರಿಸಲಾಗಿ ಅವರು ಗದ್ದವೆತ್ತಿ ಸಮುದ್ರದ ಕಡೆ ತೋರಿಸಿದರು.

ಹೊಸ ದೋಣಿಯು ಮೊದಲ ಮೂರು ಅಲೆಗಳನ್ನು ದಾಟಿ ಹೋಗಿತ್ತು. ದಡದಲ್ಲಿ ನಿಂತು ಕಾಯಿ ಬಿಡುವುದೆಂದು ಈ ಕಚೇರಿ ತಿಳಿದಿತ್ತು. ಹೊಸ ದೋಣಿಯಿದ್ದ ವರ್ಷ ದೋಣಿಯಿಂದಲೇ ಬಿಡುವುದು ಮನೆಯ ರೂಢಿಯೆಂದು ಶ್ರೀಮತಿ ನಾಗಿ ಇವರು ಈಗ ತಿಳಿಸಿದರು. ದೋಣಿಯ ಮೂತಿಯಲ್ಲಿ, ಬೆಳಿಗ್ಗೆ ಮಗುವು ತೊಟ್ಟು ಹೊರಟಿದ್ದ ಕೆಂಪು ರೇನ್‌ಕೋಟೇ ಕಾಣಿಸುತ್ತಿತ್ತು, ಅಲೆಯ ಹಿಂದೆ ಮರೆಯಾಗುತ್ತಿತ್ತು, ಮತ್ತೆ ಕಾಣಿಸುತ್ತಿತ್ತು. ಅದರ ಸೊಂಟವನ್ನು ಶ್ರೀ ಜಟ್ಟು ಇವರು ಒಂದು ಕೈಯಿಂದ ಬಳಸಿ ಹಿಡಿದಿದ್ದರು. ದೋಣಿಯು ಬಿಣಗಾ ಘಟ್ಟದ ಯಾವ ತಿರುವಿಗೂ ಹೋಲಿಸಲಾಗದಂತೆ ಏಳುತ್ತಲೂ ಬೀಳುತ್ತಲೂ ಇತ್ತು.

ಕಾಯಿ ಕೈಬಿಟ್ಟಿದ್ದು ದಡಕ್ಕೆ ಕಾಣಲಿಲ್ಲ. ದೋಣಿಯಲ್ಲಿದ್ದವರು ಒಟ್ಟಿಗೆ ಕೂಗಿದ್ದು ಕೇಳಿಸಿತು. ಆ ಕೂಗಿನ ಮೇಲೆ ಒಂದು ಸಣ್ಣ ಸ್ವರ ಬೇರೆಯಾಗಿ ಕೇಳಿಸಿತು. ಅದು ನಗುತ್ತಿತ್ತು.

ಈ ಸಮಯದಲ್ಲಿ ಅಧಿಕಾರಿಗೆ ಬಾಯಲ್ಲಿ ನೀರು ಬಂದು, ಹೊಟ್ಟೆ ತೊಳಸಿ, ಮೀನಿನ ಬಲೆಗಳ ಪಕ್ಕದಲ್ಲಿ ವಾಂತಿಯಾಯಿತು. ಆಗ ಅವರು ಯಾವುದೇ ವಾಹನದಲ್ಲಿ ಇರಲಿಲ್ಲ. ಗಟ್ಟಿ ಮರಳಿನ ಮೇಲೆ ನಿಂತಿದ್ದರು. ಕೊಟ್ಟೆ ಲಭ್ಯವಿರಲಿಲ್ಲ. ಶ್ರೀಮತಿ ನಾಗಿ ಇವರು ಬೆನ್ನು ಸವರುತ್ತ, "ದೋಣಿ ಮೇಲೆ ಅದು, ಕಕ್ಕೂದು ನೀನು! ಎಂಥಾ ಹೆಣ್ಣೇ ನೀನು, ಮಾರಾಯ್ತಿ" ಎಂದು ನಗಾಡಿದರು. ಅಧಿಕಾರಿಯು ಸೆರಗಿನಿಂದ ಬಾಯಿ ಒರೆಸಿಕೊಂಡು, ನೆಟ್ಟಗೆ ನಿಂತು, ದೋಣಿ ತಿರುಗಿ ಬರುವವರೆಗೆ ನೋಡಿದರು. ಮುಖವನ್ನು ಮಾತ್ರ, ಮಗುವಿಗೆ ಕಾಣುವಷ್ಟು ಹತ್ತಿರ ಬರುವ ಹೊತ್ತಿಗೆ, ಸರಿಮಾಡಿಕೊಂಡರು.

ಮಗುವು ದೋಣಿಯಿಂದ ಇಳಿದ ಮೇಲೆ ಅಧಿಕಾರಿಯು ಅದರ ಹೊಟ್ಟೆಯ ಬಗ್ಗೆ ವಿಚಾರಿಸಿರುವುದಿಲ್ಲ. "ಕಾಯಿ ಎಷ್ಟು ದೂರ ಹೋಯ್ತು?" ಎಂದು ಕೇಳಿದ್ದಾರೆ. ಉತ್ತರ ಅರ್ಧ ಗಂಟೆ ನಡೆಯಿತು.

ದೋಣಿ ಪ್ರಯಾಣಕ್ಕೆ ಸಂಬಂಧಿಸಿದಂತೆ ಈ ವಿಭಾಗದಲ್ಲಿ ಯಾವುದೇ ನಿಯಮಗಳಿಲ್ಲ. ರೂಪಿಸುವ ಪ್ರಸ್ತಾವನೆಯೂ ಇಲ್ಲ.

ಸಹಿ/-
(ನೀಲಾ ಪ್ರದೀಪ)
ವಿಭಾಗಾಧಿಕಾರಿ, ಏಕೈಕ ಸಿಬ್ಬಂದಿ ಹಾಗೂ ತಾಯಿ

ಪ್ರತಿಗಳು:
1. ಶ್ರೀ ಜಟ್ಟು, ಕೇಣಿ. ಮಗುವನ್ನು ದೋಣಿ ಹತ್ತಿಸುವ ಮುನ್ನ ಈ ಕಚೇರಿಯನ್ನು ಏಕೆ ಕೇಳಲಿಲ್ಲವೆಂದು ವಿವರಣೆ ಕೋರಿ. ಉತ್ತರಿಸುವ ಅಗತ್ಯವಿಲ್ಲ.
2. ಶ್ರೀ ಕಿಶನ. ಮಿಸ್ಡ್ ಕಾಲ್ ಇನ್ನೂ ಬಂದಿರುವುದಿಲ್ಲ.
3. ಶ್ರೀ ಪ್ರದೀಪ. ಲೋಟ ತೊಳೆಯುವ ಕೆಲಸವನ್ನು ಮುಂದುವರಿಸುವ ಸೂಚನೆಯೊಂದಿಗೆ.
4. ಶ್ರೀಮತಿ ಮಾದೇವಿ. ಗಂಜಿಯ ಕುರಿತ ಅಭಿಪ್ರಾಯವನ್ನು ಕಡತದಿಂದ ಹೊರತೆಗೆದು ಅಂಗೀಕರಿಸಲಾಗಿದೆ.
5. ಶ್ರೀ ಮಾಬ್ಲೇಶ್ವರ, ನಿವೃತ್ತ ಶಿಕ್ಷಕರು. ಹದಿಮೂರನೆಯ ಕ್ಷಮಾಪಣೆಯೊಂದಿಗೆ.
6. ಬಲೆಗಳ ಮಾಲೀಕರು, ಕೇಣಿ ದಡ. ಹೆಸರು ತಿಳಿದಿಲ್ಲ, ತಿಳಿಯುವ ಧೈರ್ಯವಿಲ್ಲ.
7. ಕುಮಾರಿ ರೂಪಾ. ಓದಲು ಕಲಿತ ನಂತರ.